ಕಳಿಸಿದ್ದೆಲ್ಲ ತಲುಪಿದ್ದಲ್ಲ

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಕೋರ್ಟಿನ ಅಮೀನರು ಬಂದರೆ, ಅವರು ಬಸ್ಸಿಳಿದು ಹುಡುಕಿಕೊಂಡು ಬಂದ ಮನೆ ಮುಟ್ಟುವಷ್ಟರಲ್ಲಿ ಅರ್ಧ ಊರಿಗೆ ಸುದ್ದಿ ಹಬ್ಬಿರುತ್ತಿತ್ತು. ಒಂದು ಮಧ್ಯಾಹ್ನ ಅವರು ನಮ್ಮ ಮನೆಗೇ ಬಂದರು. ಹೆಗಲಲ್ಲಿ ಚೀಲ, ಚೀಲದಲ್ಲಿ ದಾರ ಕಟ್ಟಿದ ಕಾಗದದ ಕಟ್ಟು. ಜಗಲಿಯ ಮೇಲೆ ಕೂತಿದ್ದ ಅಜ್ಜನ ಹೆಸರನ್ನು ಮುತ್ತಜ್ಜನ ಹೆಸರಿನ ಜೊತೆ ಸೇರಿಸಿ ಓದಿ, "ನೀವೇ ತಾನೆ?" ಎಂದು ಖಾತ್ರಿ ಮಾಡಿಕೊಂಡರು. ಎರಡು ಪ್ರತಿ ತೆಗೆದು ಒಂದನ್ನು ಅಜ್ಜನ ಕೈಗಿತ್ತು, ಇನ್ನೊಂದರ ಮೇಲೆ ರುಜು ಹಾಕಿಸಿಕೊಂಡರು. ಅಜ್ಜ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಏನಪ್ಪ ಇದು?" ಅಂದ.

"ಪಾಲಿನ ದಾವಾ ಯಜಮಾನ್ರೆ. ನಿಮ್ಮ ಚಿಕ್ಕಪ್ಪನ ಮಕ್ಕಳು ಹಾಕಿದಾರೆ. ಬರೋ 22ಕ್ಕೆ ವಾಯಿದೆ, 11 ಗಂಟೆಗೆ ಕೋರ್ಟಲ್ಲಿರಬೇಕು. ತಪ್ಪಿಸ್ಕೋಬೇಡಿ, ಯಾರಾದ್ರೂ ವಕೀಲರನ್ನ ಕಂಡು ವಕಾಲತ್ತು ಹಾಕ್ಸಿ."

ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು ಅವರು ಹೊರಟುಹೋದರು. ಎಲ್ಲ ಸೇರಿ 10 ನಿಮಿಷದ ಮಾತು. ಆದರೆ ಆ 10 ನಿಮಿಷದಲ್ಲಿ ನ್ಯಾಯಾಲಯ ನಮ್ಮ ಜಗಲಿಯವರೆಗೆ ನಡೆದುಬಂದಿತ್ತು. ತಾನು ಹುಡುಕುತ್ತಿದ್ದ ಮನುಷ್ಯ ಇವನೇ ಎಂದು ತಿಳಿದುಕೊಂಡಿತ್ತು, ಅವನ ಕೈಗೆ ಕಾಗದ ಕೊಟ್ಟಿತ್ತು, ಮುಂದೇನು ಮಾಡಬೇಕೆಂದು ಬಾಯಿಬಿಟ್ಟು ಹೇಳಿತ್ತು. ಈ ಕೊನೆಯದನ್ನು ಯಾವ ನಿಯಮವೂ ಅಮೀನರಿಗೆ ವಿಧಿಸಿರಲಿಲ್ಲ. ಎದುರಿಗೆ ಮನುಷ್ಯ ನಿಂತು ಪ್ರಶ್ನೆ ಕೇಳಿದಾಗ ಇನ್ನೊಬ್ಬ ಮನುಷ್ಯ ಉತ್ತರ ಕೊಡದೆ ಇರುವುದಿಲ್ಲ, ಅಷ್ಟೆ.

ಇವತ್ತು ಅದೇ ಸಮನ್ಸು ಮೊಬೈಲಿನಲ್ಲಿ ಒಂದು ಪಿಡಿಎಫ್ ಆಗಿ ಬರಬಹುದು. ಕಾನೂನು ಈ ಕಡೆಗೆ ಹೊರಳಿದ್ದು ಇದ್ದಕ್ಕಿದ್ದಂತೆ ಅಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ ಸಮನ್ಸು ಜಾರಿಯ ವಿಧಾನವನ್ನು ಹೇಳುತ್ತದೆ. ಅದಕ್ಕೆ ಆದ ತಿದ್ದುಪಡಿ 2002ರ ಜುಲೈ 1ರಿಂದ ಜಾರಿಗೆ ಬಂದಾಗ, ರಿಜಿಸ್ಟರ್ಡ್ ಅಂಚೆ, ಸ್ಪೀಡ್ ಪೋಸ್ಟ್, ಕೊರಿಯರ್‌ಗಳ ಜೊತೆಗೆ ಫ್ಯಾಕ್ಸ್ ಮತ್ತು ಇಮೇಲ್ ಕೂಡ ಸೇರಿಕೊಂಡವು. ಹೈಕೋರ್ಟು ನಿಯಮ ಮಾಡಿದರೆ ಹಾಗೆ ಕಳಿಸಬಹುದು ಎಂಬುದು ಅದರ ಸಾರಾಂಶ. 22 ವರ್ಷಗಳ ನಂತರ, 2024ರ ಅದೇ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಕ್ರಿಮಿನಲ್ ಪ್ರಕರಣಗಳ ಸಮನ್ಸಿಗೂ ಈ ದಾರಿ ತೆರೆಯಿತು. ನ್ಯಾಯಾಲಯದ ಮೊಹರಿನ ಚಿತ್ರವೋ ಡಿಜಿಟಲ್ ಸಹಿಯೋ ಇದ್ದರೆ ಸಮನ್ಸನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಹೊರಡಿಸಬಹುದು. ರಾಜ್ಯ ಸರ್ಕಾರ ರೂಪಿಸುವ ನಿಯಮದಂತೆ ಅದನ್ನು ಹಾಗೆಯೇ ಜಾರಿಯೂ ಮಾಡಬಹುದು.

ಈ ಬದಲಾವಣೆಯನ್ನು ಬಯಸಿದವರ ನೋವು ನನಗೆ ಅರ್ಥವಾಗುತ್ತದೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ 4 ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇವೆ. ಯಾವುದೇ ತಾಲ್ಲೂಕು ಕೋರ್ಟಿನಲ್ಲಿ ಒಂದು ಬೆಳಗ್ಗೆ ಕೂತು ನೋಡಿ. ಕೂಗಿದ ಕೇಸುಗಳಲ್ಲಿ ಎಷ್ಟೋ "ಸಮನ್ಸ್ ವಾಪಸ್ ಬಂದಿಲ್ಲ" ಎಂಬ ಒಂದೇ ಕಾರಣಕ್ಕೆ ಮುಂದಕ್ಕೆ ಹೋಗುತ್ತವೆ. ಸಾಲ ತೆಗೆದುಕೊಂಡವರು, ಚೆಕ್ ಬೌನ್ಸ್ ಮಾಡಿದವರು, ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡದೆ ತಪ್ಪಿಸಿಕೊಂಡವರು, ಅಮೀನರು ಬರುವ ಸುಳಿವು ಸಿಕ್ಕಿದರೆ ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳುತ್ತಾರೆ. ಮನೆಯಲ್ಲಿದ್ದುಕೊಂಡೇ "ಊರಲ್ಲಿಲ್ಲ" ಅನ್ನಿಸುತ್ತಾರೆ. ಇತ್ತ ಅಮೀನರ ಷರಾ ಎಲ್ಲವೂ ಸತ್ಯವಾಗಿತ್ತೆಂದೂ ಅಲ್ಲ. ಹೋಗದ ಊರಿನ ಮನೆಗೆ "ಬೀಗ ಹಾಕಿದೆ" ಎಂದು ಬರೆದುಕೊಟ್ಟದ್ದೂ, ಕಾಣದ ಮನುಷ್ಯ "ನಿರಾಕರಿಸಿದ" ಎಂದು ಬರೆದದ್ದೂ ವಕೀಲರಿಗೆಲ್ಲ ಗೊತ್ತಿರುವ ಸಂಗತಿ. ಕೊರಿಯರ್ ಬಂದ ಮೇಲೆ ಈ ಚಾಳಿ ಅಲ್ಲಿಗೂ ಹೋದೀತೆಂಬ ಭಯವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಗಂಭೀರವಾಗಿ ಪರಿಗಣಿಸಿತ್ತು. ಆದ್ದರಿಂದ ಹಳೆಯದೆಲ್ಲ ಚಿನ್ನವಾಗಿತ್ತು ಎಂದು ನಾನು ವಾದಿಸುತ್ತಿಲ್ಲ.

ವಾಟ್ಸಾಪ್ ಮೂಲಕ ನೋಟಿಸ್ ಎಂಬ ಮಾತು ನ್ಯಾಯಾಲಯದ ಅಂಗಳಕ್ಕೆ ಬಂದ ಮೊದಮೊದಲ ಪ್ರಕರಣಗಳಲ್ಲಿ ಒಂದಕ್ಕೆ ಕನ್ನಡದ ನಂಟಿದೆ. 2017ರಲ್ಲಿ ತೆರೆಕಂಡ 'ಪುಷ್ಪಕ ವಿಮಾನ' ಚಿತ್ರ, 'ಮಿರಾಕಲ್ ಇನ್ ಸೆಲ್ ನಂಬರ್ 7' ಎಂಬ ಕೊರಿಯನ್ ಸಿನಿಮಾದ ನಕಲು ಎಂದು ಆರೋಪಿಸಿ, ಅದರ ಹಕ್ಕು ತಮ್ಮದೆಂದವರು ಬಾಂಬೆ ಹೈಕೋರ್ಟಿಗೆ ಹೋದರು. ಪ್ರತಿವಾದಿಗಳಿಗೆ ಇಮೇಲ್ ಮತ್ತು ವಾಟ್ಸಾಪ್‌ನಲ್ಲಿ ವಿಷಯ ತಿಳಿಸಲಾಗಿತ್ತು. ನ್ಯಾಯಮೂರ್ತಿ ಗೌತಮ್ ಪಟೇಲ್ ಅದನ್ನು ಸಾಕಷ್ಟು ತಿಳಿವಳಿಕೆಯೆಂದು ಒಪ್ಪಿದರು. ಬೇಲಿಫರು ಹೋಗಿ ಕೊಡುವುದು ಅಥವಾ ತಮಟೆ ಬಾರಿಸಿ ಸಾರುವುದು ಮಾತ್ರವೇ ಜಾರಿ ಎನ್ನುವಷ್ಟು ನಮ್ಮ ನಿಯಮಗಳು ಮುದಿಯಾಗಿಲ್ಲ ಎಂಬ ಅರ್ಥದ ಮಾತನ್ನು ಅವರು ಬರೆದರು. ಮರುವರ್ಷ ಬ್ಯಾಂಕಿನ ಕಾರ್ಡ್ ಬಾಕಿಯ ಪ್ರಕರಣವೊಂದರಲ್ಲಿ, ವಾಟ್ಸಾಪ್‌ನಲ್ಲಿ ಕಳಿಸಿದ ನೋಟಿಸು ತಲುಪಿದ್ದಷ್ಟೇ ಅಲ್ಲ, ಅದರ ಜೊತೆಗಿದ್ದ ಪಿಡಿಎಫ್ ತೆರೆಯಲ್ಪಟ್ಟಿದೆ ಎಂಬುದನ್ನು ಗುರುತುಗಳಿಂದ ನೋಡಿ ಅದೇ ನ್ಯಾಯಮೂರ್ತಿಗಳು ಜಾರಿಯಾಗಿದೆ ಎಂದರು.

ಈ ಎರಡು ಆದೇಶಗಳೂ ನನ್ನ ಮಟ್ಟಿಗೆ ಸರಿ. ಯಾಕೆ ಸರಿ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಎರಡರಲ್ಲೂ ನ್ಯಾಯಾಧೀಶರು ಒಬ್ಬ ನಿರ್ದಿಷ್ಟ ಮನುಷ್ಯನ ಬಗ್ಗೆ, ಒಂದು ನಿರ್ದಿಷ್ಟ ಸಂದೇಶದ ಬಗ್ಗೆ ಸಾಕ್ಷ್ಯ ನೋಡಿ ತೀರ್ಮಾನಿಸಿದರು: ಇವರಿಗೆ ಗೊತ್ತಾಗಿದೆ, ಗೊತ್ತಾಗಿಯೂ ಬರುತ್ತಿಲ್ಲ. ಮೊದಲು ತಿಳಿವಳಿಕೆ ಸಾಬೀತಾಯಿತು, ಆಮೇಲೆ ವಿಧಾನಕ್ಕೆ ಒಪ್ಪಿಗೆ ಸಿಕ್ಕಿತು. 2010ರಲ್ಲಿ ಸುಪ್ರೀಂ ಕೋರ್ಟ್ ವಾಣಿಜ್ಯ ವ್ಯಾಜ್ಯಗಳಲ್ಲಿ ಇಮೇಲ್ ನೋಟಿಸಿಗೆ ಅವಕಾಶ ಕೊಟ್ಟಾಗಲೂ ಎಂದಿನ ಕ್ರಮದ ಜೊತೆಗೆ ಎಂದೇ ಹೇಳಿತ್ತು. ಕೊರೋನಾ ಬಂದು ಅಂಚೆಯೂ ಅಮೀನರೂ ಓಡಾಡಲಾಗದ 2020ರ ಜುಲೈ 10ರಂದು ಅದೇ ನ್ಯಾಯಾಲಯ ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್‌ಗಳಿಗೆ ಹಸಿರು ನಿಶಾನೆ ತೋರಿಸಿತು. ಆಗಲೂ ಅದೇ ದಿನ ಇಮೇಲ್ ಕೂಡ ಕಳಿಸಿರಬೇಕೆಂಬ ಷರತ್ತಿತ್ತು.

ಈ ಎಚ್ಚರ ಹೊಸ ಕಾನೂನಿನಲ್ಲಿ ಸಡಿಲವಾದಂತೆ ಕಾಣುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 70ನೇ ಕಲಮಿನಲ್ಲಿ ಒಂದು ಉಪಕಲಮಿದೆ. ಎಲೆಕ್ಟ್ರಾನಿಕ್ ಸಂವಹನದ ಮೂಲಕ ಜಾರಿ ಮಾಡಿದ ಎಲ್ಲ ಸಮನ್ಸುಗಳೂ ಯುಕ್ತವಾಗಿ ಜಾರಿಯಾದವು ಎಂದೇ ಪರಿಗಣಿಸತಕ್ಕದ್ದು, ಸಮನ್ಸಿನ ದೃಢೀಕೃತ ಪ್ರತಿಯನ್ನೇ ಜಾರಿಗೆ ಪುರಾವೆಯಾಗಿ ಇಟ್ಟುಕೊಳ್ಳತಕ್ಕದ್ದು ಎಂಬುದು ಅದರ ತಾತ್ಪರ್ಯ. ಇದನ್ನು ಮೊದಲ ಸಲ ಓದಿದಾಗ ನನಗೆ ಕಸಿವಿಸಿಯಾಯಿತು. ಕಳಿಸಿದ ಕಾಗದದ ನಕಲು, ಕಳಿಸಿದ್ದಕ್ಕೆ ಪುರಾವೆಯಾದೀತು. ಅದು ಮುಟ್ಟಿತು ಎಂಬುದಕ್ಕೆ ಪುರಾವೆಯಾಗುವುದು ಹೇಗೆ? 'ಜಾರಿ ಮಾಡಿದ' ಎಂಬ ಪದವನ್ನು ನ್ಯಾಯಾಧೀಶರು ಗಟ್ಟಿಯಾಗಿ ಹಿಡಿದು ಓದಿದರೆ ತೊಂದರೆಯಿಲ್ಲ. ದಿನಕ್ಕೆ ನೂರು ಕೇಸು ಕೂಗುವ ಕೋರ್ಟಿನಲ್ಲಿ ಅದನ್ನು 'ಕಳಿಸಿದ' ಎಂದು ಓದಿಬಿಡುವುದು ಬಹಳ ಸುಲಭ. ಎರಡು ಪದಗಳ ನಡುವಿನ ಈ ಅಂತರದಲ್ಲಿ ಬಡವನ ಹೊಲ, ಮನೆ, ಕೆಲವೊಮ್ಮೆ ಅವನ ಸ್ವಾತಂತ್ರ್ಯವೇ ಇರುತ್ತದೆ.

ಜಾರಿಯಾಯಿತು ಎಂದು ಕಡತದಲ್ಲಿ ಬಿದ್ದ ಕ್ಷಣದಿಂದ ಗಡಿಯಾರ ಓಡಲು ಶುರು. ಸಿವಿಲ್ ದಾವೆಯಲ್ಲಿ ಪ್ರತಿವಾದಿ 30 ದಿನದೊಳಗೆ ತಕರಾರು ಸಲ್ಲಿಸಬೇಕು; ನ್ಯಾಯಾಲಯ ಮನಸ್ಸು ಮಾಡಿದರೆ 90 ದಿನ. ವಾಣಿಜ್ಯ ವ್ಯಾಜ್ಯವಾದರೆ 120 ದಿನ ಕಳೆದ ಮೇಲೆ ತಕರಾರು ಹಾಕುವ ಹಕ್ಕೇ ಹೋಗುತ್ತದೆ. ವಾಯಿದೆಯ ದಿನ ಮೂರು ಸಲ ಕೂಗಿ ಯಾರೂ ಬರದಿದ್ದರೆ ಎಕ್ಸ್‌ಪಾರ್ಟಿ. ಎದುರು ಪಕ್ಷದವನ ಮಾತೊಂದನ್ನೇ ಕೇಳಿ ಡಿಕ್ರಿ. ಕ್ರಿಮಿನಲ್ ಪ್ರಕರಣವಾದರೆ ಮೊದಲು ವಾರಂಟು, ಆಮೇಲೆ ಜಾಮೀನಿಲ್ಲದ ವಾರಂಟು. ಡಿಕ್ರಿ ರದ್ದು ಮಾಡಿಸಲು ದಾರಿ ಇದೆ ನಿಜ, ಸಮನ್ಸು ಸರಿಯಾಗಿ ಜಾರಿಯಾಗದಿದ್ದರೆ ವಿಷಯ ತಿಳಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬಹುದು. ಆದರೆ "ನನಗೆ ತಲುಪಲಿಲ್ಲ" ಎಂಬುದನ್ನು ಸಾಬೀತು ಮಾಡುವುದು ಹೇಗೆ? ಆಗದೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಕಾಗದದ ಜಾರಿಯಲ್ಲಿ ಇದಕ್ಕೊಂದು ಉಪಾಯವಿತ್ತು. ಅಮೀನರು ಯಾವಾಗ, ಎಲ್ಲಿ, ಯಾರೆದುರಿಗೆ ಕೊಟ್ಟೆ ಎಂದು ಷರಾ ಬರೆಯಬೇಕು. ಬಾಗಿಲಿಗೆ ಅಂಟಿಸಿ ಬಂದರೆ ಮನೆ ಗುರುತಿಸಿದವರ ಹೆಸರನ್ನೂ ಬರೆಯಬೇಕು. ಅನುಮಾನ ಬಂದರೆ ನ್ಯಾಯಾಧೀಶರು ಅವರನ್ನೇ ಕರೆಸಿ ಪ್ರಮಾಣ ಮಾಡಿಸಿ ಕೇಳಬಹುದಿತ್ತು. ಸುಳ್ಳು ಹೇಳಿದರೂ ಹೇಳಿದವನೊಬ್ಬ ಕಣ್ಣೆದುರಿಗೆ ಇರುತ್ತಿದ್ದ, ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತಿದ್ದ. ಮೊಬೈಲಿನ ಎರಡು ಗೀಟುಗಳನ್ನು ಕಟಕಟೆಗೆ ಹತ್ತಿಸಲು ಬರುವುದಿಲ್ಲ. ಬೂದು ಬಣ್ಣದ ಎರಡು ಗೀಟು ಬಿದ್ದರೆ ಸಂದೇಶ ಆ ಸಾಧನಕ್ಕೆ ಇಳಿದಿದೆ ಎಂದಷ್ಟೇ ಅರ್ಥ. ಅವು ನೀಲಿಯಾದರೆ ಯಾರೋ ಆ ಮಾತುಕತೆಯನ್ನು ತೆರೆದಿದ್ದಾರೆ ಎಂದರ್ಥ. ಆ 'ಯಾರೋ' ಯಾರು ಎಂಬುದನ್ನು ಗೀಟು ಹೇಳುವುದಿಲ್ಲ. ನೀಲಿ ಬಣ್ಣವನ್ನೇ ಆರಿಸಿಡುವ ಸೌಲಭ್ಯವೂ ವಾಟ್ಸಾಪ್‌ನಲ್ಲಿದೆ. ಹಾಗಾಗಿ ತಪ್ಪಿಸಿಕೊಳ್ಳಬೇಕೆಂದವನು ಅದನ್ನು ಆರಿಸಿಟ್ಟು ಎಲ್ಲವನ್ನೂ ಓದುತ್ತಾನೆ. ಏನೂ ಅರಿಯದ ಮುದುಕಿಯ ಫೋನಿನಲ್ಲಿ ಮೊಮ್ಮಗ ಆಟವಾಡುತ್ತ ಬೆರಳು ತಾಗಿಸಿದರೆ ನೀಲಿ ಗೀಟು ಬೀಳುತ್ತದೆ.

ಫೋನು ಯಾರದು ಎಂಬ ಪ್ರಶ್ನೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾನೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ಶೇ 54ರಷ್ಟು. ಇಂಟರ್ನೆಟ್ಟನ್ನು ಒಮ್ಮೆಯಾದರೂ ಬಳಸಿದವರು ಮೂವರಲ್ಲಿ ಒಬ್ಬರು. ಆಮೇಲೆ ಈ ಸಂಖ್ಯೆ ಏರಿದ್ದೀತು. ಆದರೂ ಹಳ್ಳಿಯ ಮನೆಯಲ್ಲಿ ಫೋನು ಗಂಡನದು, ಮಗನದು, ಅಳಿಯನದು. ಹೆಂಗಸರ ಹೆಸರಿನಲ್ಲಿರುವ ನಂಬರು ಅವರ ಕೈಯಲ್ಲೇ ಇರುತ್ತದೆಂದು ಹೇಳಲಾಗದು.

ಪಾಲಿನ ದಾವೆಗಳನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲಿದೆ. ಆ ಪಾಲನ್ನು ತಪ್ಪಿಸುವ ಹಳೆಯ ಹಂಚಿಕೆಯೊಂದಿದೆ. ಮದುವೆಯಾಗಿ ಹೋದ ತಂಗಿಯ ವಿಳಾಸವನ್ನು ತವರುಮನೆಯದೆಂದೇ ದಾವೆಯಲ್ಲಿ ಬರೆಯುವುದು, ಸಮನ್ಸು ಬಂದಾಗ ಅಣ್ಣನೇ 'ಕುಟುಂಬದ ವಯಸ್ಕ ಸದಸ್ಯ'ನಾಗಿ ರುಜು ಹಾಕುವುದು. ತಂಗಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಡಿಕ್ರಿ ಆಗಿ, ಪಹಣಿಯಲ್ಲಿ ಹೆಸರೂ ಬದಲಾಗಿರುತ್ತದೆ. ಈಗ ಇದೇ ಕೆಲಸಕ್ಕೆ ಅಷ್ಟು ಕಷ್ಟವೂ ಬೇಡ. ಪ್ರತಿವಾದಿಯ ಮೊಬೈಲ್ ನಂಬರನ್ನು ಕೊಡುವವನು ವಾದಿ. ತಂಗಿಯ ಹೆಸರಿನ ಮುಂದೆ ತನ್ನ ಹೆಂಡತಿಯ ನಂಬರನ್ನೋ ಮಗನ ನಂಬರನ್ನೋ ಬರೆದರೆ ಸಾಕು, ಎರಡು ಗೀಟು ಬಿದ್ದ ಸ್ಕ್ರೀನ್‌ಶಾಟು ಕಡತಕ್ಕೆ ಸೇರುತ್ತದೆ. (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಮನೆಯವನು ಇಲ್ಲದಿದ್ದರೆ ಸಮನ್ಸನ್ನು ಪಡೆಯುವ ಅಧಿಕಾರ ಮನೆಯ ವಯಸ್ಕ 'ಗಂಡಸಿಗೆ' ಮಾತ್ರ ಇತ್ತು. ಆ ಪದ ಹೋದದ್ದು 2024ರಲ್ಲಿ. ಹೆಂಗಸಿನ ಕೈಗೆ ಕಾಗದ ಕೊಡಲು ಕಾನೂನು ಒಪ್ಪಿದ ಕಾಲಕ್ಕೆ ಸರಿಯಾಗಿ ಕಾಗದವೇ ಮಾಯವಾಗುತ್ತಿರುವುದು ನನಗೆ ದುಃಖದ ಸಂಗತಿ.)

2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಎಲೆಕ್ಟ್ರಾನಿಕ್ ಜಾರಿಯನ್ನು ಪ್ರೋತ್ಸಾಹಿಸುತ್ತಲೇ, ಆರೋಪಿಯ ಇಮೇಲ್ ಮತ್ತು ಮೊಬೈಲ್ ವಿವರಗಳನ್ನು ಪರಿಶೀಲಿಸಿ ಕೊಟ್ಟಿದ್ದೇನೆಂದು ದೂರುದಾರ ಪ್ರಮಾಣಪತ್ರ ಸಲ್ಲಿಸಬೇಕು, ಸುಳ್ಳಾದರೆ ಅವನ ಮೇಲೆ ಕ್ರಮ ಜರುಗಿಸಬಹುದು ಎಂದಿತು. ಒಳ್ಳೆಯ ಹೆಜ್ಜೆ. ಇದು ಚೆಕ್ಕಿನ ಕೇಸಿಗಷ್ಟೇ ನಿಲ್ಲದೆ, ಎಲ್ಲ ದಾವೆಗಳಿಗೂ ಬರಬೇಕು. ಪಾಲಿನ ದಾವೆಗಂತೂ ಮೊದಲು ಬರಬೇಕು.

ನಂಬರು ಅವರದೇ ಆಗಿದ್ದರೂ ಅದು ನಾಳೆಯೂ ಅವರದಾಗಿ ಉಳಿಯುವ ಖಾತ್ರಿಯಿಲ್ಲ. ರೀಚಾರ್ಜ್ ಮಾಡಿಸದೆ ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಮೊಬೈಲ್ ಕಂಪನಿ ಇನ್ನೊಬ್ಬರಿಗೆ ಕೊಡಬಹುದು. 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ ಇದನ್ನು ತಿಳಿಸಿದೆ. ನಮ್ಮ ದಾವೆಗಳು ನಡೆಯುವುದು ವರ್ಷಗಟ್ಟಲೆ. ಆ ಅವಧಿಯಲ್ಲಿ ಕೂಲಿಗೆಂದು ಗುಳೆ ಹೋದವರ ಫೋನಿನಲ್ಲಿ ಎಷ್ಟು ಸಿಮ್ ಬದಲಾಗಿರುತ್ತವೋ ಲೆಕ್ಕವಿಲ್ಲ. ಮಲೆನಾಡಿನ ಒಂಟಿ ಮನೆಗಳ ಪಾಡು ಬೇರೆ. ಅಲ್ಲಿ ಸಿಗ್ನಲ್ ಬೇಕೆಂದರೆ ಇವತ್ತಿಗೂ ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಕರೆಂಟು ಹೋದರೆ ನಾಲ್ಕು ದಿನ ಫೋನಿಗೆ ಜೀವವೇ ಇರುವುದಿಲ್ಲ. ಮನೆಯ ಬಾಗಿಲಿಗೆ ಇಂಥ ಕಾಯಿಲೆಗಳಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಸಂಕಟ ನಂಬಿಕೆಯದು. ಅಪರಿಚಿತ ನಂಬರಿನಿಂದ "ನಿಮ್ಮ ಮೇಲೆ ಕೇಸಿದೆ" ಎಂದು ಬರುವ ಸಂದೇಶವನ್ನು ತೆರೆಯಬೇಡಿ, ಅದರಲ್ಲಿರುವ ಫೈಲನ್ನು ಮುಟ್ಟಬೇಡಿ ಎಂದು ಪೊಲೀಸರು, ಬ್ಯಾಂಕಿನವರು, ಪತ್ರಿಕೆಗಳು ದಿನವೂ ಹೇಳುತ್ತಿವೆ. 'ಡಿಜಿಟಲ್ ಅರೆಸ್ಟ್' ಎಂಬ ವಂಚನೆಯ ಬಗ್ಗೆ 2024ರ ಅಕ್ಟೋಬರಿನ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಎಚ್ಚರಿಸಿದರು. ಮರುವರ್ಷ ಅಂಬಾಲಾದ ವೃದ್ಧ ದಂಪತಿಗೆ ಸುಪ್ರೀಂ ಕೋರ್ಟಿನ ನಕಲಿ ಆದೇಶವನ್ನೇ ತೋರಿಸಿ ಸುಮಾರು 1 ಕೋಟಿ ರೂಪಾಯಿ ದೋಚಿದಾಗ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಮೊಹರು, ಸಹಿ, ರಾಜಲಾಂಛನ ಎಲ್ಲವನ್ನೂ ಕಳ್ಳರು ಅಚ್ಚುಕಟ್ಟಾಗಿ ಮಾಡುತ್ತಾರೆ. ಹೀಗಿರುವಾಗ ಮೊಹರಿನ ಚಿತ್ರವಿರುವ ಒಂದು ಪಿಡಿಎಫ್ ಬಂದರೆ ಜಾಣ ನಾಗರಿಕ ಏನು ಮಾಡಬೇಕು? ಸರ್ಕಾರ ಹೇಳಿಕೊಟ್ಟಂತೆ ಅದನ್ನು ಅಳಿಸಿಹಾಕಿದರೆ ಎಕ್ಸ್‌ಪಾರ್ಟಿ. ಕಾನೂನು ಹೇಳಿದಂತೆ ತೆರೆದು ನೋಡಿದರೆ ಬ್ಯಾಂಕ್ ಖಾತೆ ಬರಿದಾದೀತು. ಎಚ್ಚರವಾಗಿರುವವನನ್ನೇ ಶಿಕ್ಷಿಸುವ ವ್ಯವಸ್ಥೆಯನ್ನು ನ್ಯಾಯಾಲಯಗಳು ಕಟ್ಟಬಾರದು.

ವಿಚಿತ್ರವೆಂದರೆ ಈ ವಿವೇಕ ನಮ್ಮ ಕಾನೂನಿನಲ್ಲಿ ಮೊದಲೇ ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮು, ಎಲೆಕ್ಟ್ರಾನಿಕ್ ದಾಖಲೆ ಯಾವಾಗ 'ತಲುಪಿತು' ಎಂಬುದನ್ನು ವಿವರಿಸುತ್ತದೆ. ಒಬ್ಬರು "ನನಗೆ ಈ ವಿಳಾಸಕ್ಕೆ ಕಳಿಸಿ" ಎಂದು ಗೊತ್ತುಪಡಿಸಿದ್ದರೆ, ಅಲ್ಲಿಗೆ ಹೊಕ್ಕ ಕ್ಷಣವೇ ತಲುಪಿದ ಕ್ಷಣ. ಗೊತ್ತುಪಡಿಸಿದ್ದನ್ನು ಬಿಟ್ಟು ಅವರದೇ ಬೇರೊಂದು ವಿಳಾಸಕ್ಕೆ ಕಳಿಸಿದರೆ, ಅವರು ಅದನ್ನು ತೆಗೆದುನೋಡಿದಾಗ ಮಾತ್ರ ತಲುಪಿದಂತೆ. ವ್ಯಾಪಾರಿಗಳ ಕೊಡುಕೊಳ್ಳುವಿಕೆಗೆಂದು ಬರೆದ ನಿಯಮ ಇದು. ಆದರೂ 'ತಾನಾಗಿ ಕೊಟ್ಟ ವಿಳಾಸ' ಮತ್ತು 'ಬೇರೆಯವರು ಆರಿಸಿದ ವಿಳಾಸ' ಇವುಗಳ ನಡುವಿನ ಅಂತರವನ್ನು ಅದು ಚೆನ್ನಾಗಿ ಗುರುತಿಸಿದೆ. ಇಂಗ್ಲೆಂಡಿನವರು ಇದೇ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಇಮೇಲ್‌ನಲ್ಲಿ ಸ್ವೀಕರಿಸುತ್ತೇನೆಂದು ಎದುರು ಪಕ್ಷ ಮೊದಲೇ ಬರಹದಲ್ಲಿ ಹೇಳಿರದಿದ್ದರೆ ಅಲ್ಲಿ ಇಮೇಲ್ ಜಾರಿ ಸಲ್ಲದು. ವಕೀಲರಿಲ್ಲದೆ ತಾನೇ ವಾದಿಸುತ್ತಿದ್ದ ಬಾರ್ಟನ್ ಎಂಬಾತ ಎದುರು ಪಕ್ಷದ ವಕೀಲರಿಗೆ ದಾವೆಯ ಕಾಗದವನ್ನು ಇಮೇಲ್ ಮಾಡಿದ. ಅವರಿಗೆ ಅದು ತಲುಪಿತ್ತು, ಓದಿಯೂ ಇದ್ದರು. ಆದರೂ ಒಪ್ಪಿಗೆ ಇರಲಿಲ್ಲವೆಂಬ ಕಾರಣಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ಮೂವರು-ಇಬ್ಬರ ಬಹುಮತದಿಂದ ಆ ಜಾರಿಯನ್ನು ಒಪ್ಪಲಿಲ್ಲ. ಇದು ನನಗೆ ಅತಿಯಾಯಿತು ಅನ್ನಿಸುತ್ತದೆ; ಓದಿದ್ದೇನೆಂದು ಒಪ್ಪಿದವನಿಗೆ ತಲುಪಲಿಲ್ಲ ಎನ್ನುವ ಅವಕಾಶ ಕೊಡಬಾರದು. ಆದರೆ ನಾವು ಹೋಗುತ್ತಿರುವುದು ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ, ಓದಿದ್ದಾರೋ ಇಲ್ಲವೋ ಎಂದು ಕೇಳುವುದನ್ನೇ ಬಿಡುವ ಕಡೆಗೆ.

ನಮ್ಮ ಸುಪ್ರೀಂ ಕೋರ್ಟ್ ಒಂದು ಕಡೆ ಗಟ್ಟಿಯಾಗಿ ನಿಂತಿದೆ. ಪೊಲೀಸರು ವಿಚಾರಣೆಗೆ ಹಾಜರಾಗಲು ಕೊಡುವ ನೋಟಿಸನ್ನು (ಹಳೆಯ ಕಾನೂನಿನ 41ಎ, ಈಗಿನ 35ನೇ ಕಲಮು) ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಹೇಳಿತು. ಹರಿಯಾಣ ಸರ್ಕಾರ ಅದನ್ನು ಬದಲಿಸಿ ಎಂದು ಕೇಳಿದಾಗ ಅದೇ ವರ್ಷ ಜುಲೈಯಲ್ಲಿ ಆ ಬೇಡಿಕೆಯನ್ನು ತಳ್ಳಿಹಾಕಿತು. ನೋಟಿಸಿಗೆ ಓಗೊಡದಿದ್ದರೆ ಬಂಧನವೇ ಆಗಬಹುದು; ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆಯಿರುವಲ್ಲಿ ಇಂಥ ವಿಧಾನವನ್ನು ಶಾಸನಸಭೆ ಬೇಕೆಂದೇ ಸೇರಿಸಿಲ್ಲ ಎಂಬುದು ಅದರ ತರ್ಕ. ಆ ತರ್ಕವನ್ನು ನಾನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತೇನೆ. ಎರಡು ಎಕರೆ ಮಳೆಯಾಶ್ರಿತ ಹೊಲವಿರುವವನಿಗೆ ಆ ಹೊಲ ಹೋದರೆ ಉಳಿಯುವ ಸ್ವಾತಂತ್ರ್ಯ ಯಾವುದು? ಗಂಡನ ಕಡೆಯವರು ತನಗೆ ತಿಳಿಯದಂತೆ ವಿಚ್ಛೇದನದ ಡಿಕ್ರಿ ಪಡೆದಿದ್ದಾರೆಂದು ಎರಡು ವರ್ಷದ ಮೇಲೆ ಗೊತ್ತಾದ ಹೆಂಗಸಿಗೆ, ಬಂಧನಕ್ಕಿಂತ ಇದು ಸಣ್ಣ ಸಂಗತಿ ಎಂದು ಹೇಳುವುದು ಹೇಗೆ?

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಬಾಗಿಲಿಗೆ ಅಂಟಿಸುವುದು, ಯಾರೂ ಓದದ ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಹಾಕಿಸುವುದು, ಇವೂ ತಲುಪಿತೆಂಬ ಕಲ್ಪನೆಗಳೇ ತಾನೆ, ಅವುಗಳಿಗಿಂತ ವಾಟ್ಸಾಪ್ ಮೇಲಲ್ಲವೆ ಎಂದು ಕೇಳಬಹುದು. ಹೌದು, ಮೇಲು. ಪತ್ರಿಕಾ ಪ್ರಕಟಣೆಯ ಬದಲು ಫೋನಿಗೆ ಸಂದೇಶ ಹೋಗುವುದಾದರೆ ನಾನು ಮೊದಲು ಕೈಯೆತ್ತುತ್ತೇನೆ. ಆದರೆ ಅಂಟಿಸುವುದು, ಪ್ರಕಟಿಸುವುದು ಕೊನೆಯ ಮೆಟ್ಟಿಲು. ಮನುಷ್ಯನನ್ನು ಹುಡುಕಿ ಸೋತ ಮೇಲೆ, ನ್ಯಾಯಾಧೀಶರಿಗೆ ಆ ಸೋಲನ್ನು ಮನವರಿಕೆ ಮಾಡಿಕೊಟ್ಟ ಮೇಲೆ ಹತ್ತುವ ಮೆಟ್ಟಿಲು. ಎಲೆಕ್ಟ್ರಾನಿಕ್ ಜಾರಿ ಅದನ್ನೇ ಮೊದಲ ಮೆಟ್ಟಿಲಾಗಿ ಮಾಡಲು ಹೊರಟಿದೆ. ಅದಕ್ಕೇ ನನ್ನ ವಿರೋಧ.

ಹಾಗಾದರೆ ಫೋನು ಎಲ್ಲಿರಬೇಕು? ಮೊದಲು ಅಮೀನರ ಕೈಯಲ್ಲಿರಲಿ. ಸುಪ್ರೀಂ ಕೋರ್ಟಿನ ಇ-ಸಮಿತಿ ರೂಪಿಸಿದ 'ಎನ್‌ಸ್ಟೆಪ್' ಎಂಬ ವ್ಯವಸ್ಥೆ ಇದನ್ನೇ ಮಾಡುತ್ತದೆ. ಜಿಪಿಎಸ್ ಇರುವ ಫೋನು ಹಿಡಿದು ಅಮೀನರು ಮನೆಯ ಮುಂದೆ ನಿಂತಾಗ, ಎಲ್ಲಿ ನಿಂತಿದ್ದಾರೆ, ಎಷ್ಟು ಹೊತ್ತಿಗೆ ನಿಂತಿದ್ದಾರೆ ಎಂಬುದು ದಾಖಲಾಗುತ್ತದೆ. ಹೋಗದ ಊರಿನ ಷರಾ ಬರೆಯುವ ಹಳೆಯ ರೋಗಕ್ಕೆ ಇದು ನಿಜವಾದ ಮದ್ದು. ದೂರದ ಜಿಲ್ಲೆಯ ಕೋರ್ಟಿಗೆ ಸಮನ್ಸು ಅಂಚೆಯಲ್ಲಿ ಹೋಗಿ, ಅಲ್ಲಿ ನಾಜರರ ಕಪಾಟಿನಲ್ಲಿ ಮಲಗಿ, ವಾಯಿದೆ ಮುಗಿದ ಮೇಲೆ ವಾಪಸು ಬರುವ ವ್ಯರ್ಥ ಓಡಾಟವೂ ತಪ್ಪುತ್ತದೆ: ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಎಲೆಕ್ಟ್ರಾನಿಕ್ ಆಗಿ ಹೋಗಲಿ, ಕೊನೆಯ ಒಂದು ಮೈಲಿಯನ್ನು ಮನುಷ್ಯ ನಡೆಯಲಿ. ತಂತ್ರಜ್ಞಾನಕ್ಕೆ ಇಷ್ಟು ಒಳ್ಳೆಯ ಕೆಲಸ ಇರುವಾಗ, ಅದರಿಂದ ಅಮೀನರನ್ನೇ ತೆಗೆದುಹಾಕಿಸುವುದು ಯಾಕೆ?

ಕೆಲವರಿಗೆ ಮಾತ್ರ ಇಮೇಲ್ ಜಾರಿ ಇವತ್ತಿನಿಂದಲೇ ಕಡ್ಡಾಯವಾಗಲಿ. ಸರ್ಕಾರ ಈ ದೇಶದ ಅತಿ ದೊಡ್ಡ ಕಕ್ಷಿದಾರ. ಪ್ರತಿ ಇಲಾಖೆಗೂ ಇಮೇಲ್ ಇದೆ, ಅದನ್ನು ನೋಡಲು ಸಂಬಳದ ನೌಕರರಿದ್ದಾರೆ. ಕಂಪನಿಗಳು ನೋಂದಣಿಯಾಗುವಾಗಲೇ ಇಮೇಲ್ ವಿಳಾಸ ಕೊಟ್ಟಿರುತ್ತವೆ. ಬ್ಯಾಂಕು, ವಿಮಾ ಸಂಸ್ಥೆ, ಫೈನಾನ್ಸ್ ಕಂಪನಿಗಳಿಗೆ "ತಲುಪಲಿಲ್ಲ" ಎನ್ನುವ ನೆಪವೇ ಇರಬಾರದು. ಒಂದು ಸಲ ವಕಾಲತ್ತು ಹಾಕಿದ ಮೇಲೆ ವಕೀಲರಿಗೆ ತಲುಪಿದ್ದು ಕಕ್ಷಿದಾರನಿಗೆ ತಲುಪಿದಂತೆ ಎಂದು ಸಿವಿಲ್ ಸಂಹಿತೆಯಲ್ಲಿ ಮೊದಲಿನಿಂದಲೂ ಇದೆ. ಆ ಹಂತದ ನಂತರದ ಅರ್ಜಿ, ತಕರಾರು, ಪ್ರಮಾಣಪತ್ರಗಳೆಲ್ಲ ಇಮೇಲ್‌ನಲ್ಲೇ ಓಡಾಡಲಿ. ಜೆರಾಕ್ಸ್ ಕಾಗದವಾದರೂ ಉಳಿದೀತು. ನನ್ನ ಹಟ ಒಂದೇ ಕಾಗದದ ಬಗ್ಗೆ. ಅದು ಸಾಮಾನ್ಯ ಮನುಷ್ಯನಿಗೆ ಹೋಗುವ ಮೊದಲ ಸಮನ್ಸು. ಅವನು ತಾನಾಗಿ ಒಪ್ಪಿ ವಿಳಾಸ ಕೊಡುವವರೆಗೆ, ಇಲ್ಲವೆ ಅವನು ನೋಡಿದ್ದಾನೆಂಬುದಕ್ಕೆ ನಂಬಲರ್ಹ ಪುರಾವೆ ಸಿಗುವವರೆಗೆ, ಅದು ಕೈಗೇ ಹೋಗಬೇಕು. ಫೋನಿಗೆ ಬರುವುದು ಅದರ ಜೊತೆಗೆ ಬರಲಿ, ಬದಲಿಗೆ ಬೇಡ.

ಹೊರದೇಶದಲ್ಲಿರುವ ನಮ್ಮವರ ಮಾತು ಬೇರೆಯೇ ಇದೆ. ಅಮೆರಿಕದಲ್ಲಿ ಕೂತ ಗಂಡ ಅಲ್ಲಿನ ಕೋರ್ಟಿನ ಕಾಗದವನ್ನು ಹುಬ್ಬಳ್ಳಿಯ ಹೆಂಡತಿಗೆ ನೇರ ಅಂಚೆಯಲ್ಲಿ ಕಳಿಸುವುದನ್ನು ಭಾರತ ಒಪ್ಪಿಲ್ಲ. ಕೋರ್ಟಿನ ಕಾಗದಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ತಲುಪಿಸುವ ಬಗೆಗಿನ ಹೇಗ್ ಒಪ್ಪಂದಕ್ಕೆ ಸೇರುವಾಗ ಅಂಚೆಯ ದಾರಿಗೆ ಆಕ್ಷೇಪ ದಾಖಲಿಸಿ, ಕೇಂದ್ರ ಕಾನೂನು ಸಚಿವಾಲಯದ ಮೂಲಕವೇ ಬರಬೇಕೆಂದು ಹೇಳಿದೆ. ವಿದೇಶದ ಕೋರ್ಟಿನಿಂದ ನಮ್ಮ ಹೆಣ್ಣುಮಗಳನ್ನು ಕಾಪಾಡಲು ಇಷ್ಟು ಎಚ್ಚರ ವಹಿಸಿದ ದೇಶ, ತನ್ನದೇ ತಾಲ್ಲೂಕು ಕೋರ್ಟಿನ ಸಮನ್ಸಿನ ವಿಷಯದಲ್ಲೂ ಅಷ್ಟೇ ಎಚ್ಚರ ತೋರಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಫೋನಿಗೆ ಬರುವ ಸಂದೇಶವಾದರೂ ಹೇಗಿರಬೇಕು? ಇಡೀ ರಾಜ್ಯಕ್ಕೆ ಗೊತ್ತಿರುವ ಒಂದೇ ಅಧಿಕೃತ ಹೆಸರಿನಿಂದ ಬರಲಿ. ಯಾವ ಲಿಂಕೂ ಒತ್ತಬೇಕಾಗದಂತೆ, ಯಾವ ಫೈಲೂ ತೆರೆಯಬೇಕಾಗದಂತೆ, ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಬರೆದಿರಲಿ: ಯಾರು ಯಾರ ಮೇಲೆ ಯಾವ ಕೋರ್ಟಿನಲ್ಲಿ ದಾವಾ ಹಾಕಿದ್ದಾರೆ, ಯಾವತ್ತು ಬರಬೇಕು, ಬರದಿದ್ದರೆ ಏನಾಗುತ್ತದೆ. ಓದಲು ಬಾರದವರಿಗೆ ಅದೇ ಮಾತು ಧ್ವನಿಯಲ್ಲೂ ಬರಲಿ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ಅದು ಸಂದೇಶದಲ್ಲಿ ಇರಲಿ. ಗ್ರಾಮ ಪಂಚಾಯಿತಿಯಲ್ಲೋ ಹತ್ತಿರದ ಕೋರ್ಟಿನಲ್ಲೋ ಅದನ್ನು ತೋರಿಸಿದರೆ ಸಂದೇಶ ಅಸಲಿಯೋ ನಕಲಿಯೋ ನೋಡಿ ಹೇಳುವವರು ಒಬ್ಬರಿರಲಿ. ಅಜ್ಜನ "ಏನಪ್ಪ ಇದು?" ಎಂಬ ಪ್ರಶ್ನೆಗೆ ಉತ್ತರ ಕೊಡುವ ಮನುಷ್ಯ ಎಲ್ಲಾದರೂ ಒಂದು ಕಡೆ ಇರಲೇಬೇಕು.

ನಿಯಮಗಳನ್ನು ಬರೆಯುವವರು ಈ ಮಾತುಗಳನ್ನು ಕೇಳಿಸಿಕೊಳ್ಳಲಿ ಎಂಬುದು ನನ್ನ ಕೋರಿಕೆ. ಅಲ್ಲಿಯವರೆಗೆ ಓದುಗರಿಗೆ ಒಂದು ವಿನಂತಿ. ಕೋರ್ಟಿನ ಹೆಸರಿನಲ್ಲಿ ಸಂದೇಶ ಬಂದರೆ ಹಣ ಕಳಿಸಬೇಡಿ, ಲಿಂಕ್ ಒತ್ತಬೇಡಿ. ಆದರೆ ಅಳಿಸಿಯೂ ಹಾಕಬೇಡಿ. ಅದರಲ್ಲಿ ಸಿಎನ್‌ಆರ್ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ಜಾಲತಾಣವನ್ನು ನೀವೇ ತೆರೆದು ಹಾಕಿ ನೋಡಿ. ಅನುಮಾನವಿದ್ದರೆ 15100ಕ್ಕೆ ಕರೆ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯವಾಣಿ. ನಿಮ್ಮ ಅಮ್ಮನ, ಅತ್ತೆಯ, ತಂಗಿಯ ಫೋನಿಗೆ ಇಂಥದು ಬಂದಿದ್ದರೆ ಅವರಿಗೆ ಓದಿ ಹೇಳಿ.